ಎ ಬಟನ್ ಯಾವ ಕಡೆ?

ಅಕ್ಕನ ಮಗನಿಗೆ ಹತ್ತು ವರ್ಷ. ಅವರ ಮನೆಯಲ್ಲಿ ನಿಂಟೆಂಡೊ ಸ್ವಿಚ್ ಇದೆ, ನಮ್ಮ ಮನೆಯಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್. ಎರಡೂ ವಿಡಿಯೊ ಗೇಮ್ ಆಡುವ ಯಂತ್ರಗಳು. ಭಾನುವಾರ ಅಲ್ಲಿಗೆ ಹೋದಾಗಲೆಲ್ಲ ಊಟಕ್ಕೆ ಮುಂಚೆ ಒಂದು ರೇಸ್ ಆಡಲೇಬೇಕು ಅಂತ ಹಿಡಿದು ಕೂರಿಸುತ್ತಾನೆ. ರೇಸ್ ಶುರುವಾಗುವ ಮೊದಲೇ ನಾನು ಮಾನ ಕಳೆದುಕೊಂಡಿರುತ್ತೇನೆ. ಪರದೆಯ ಮೇಲೆ ಎ ಒತ್ತಿ ಅಂತ ಬರುತ್ತದೆ. ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಕೆಳಗಿನ ಬಟನ್ ಒತ್ತುತ್ತದೆ. ಸ್ವಿಚ್‌ನಲ್ಲಿ ಕೆಳಗಿರುವುದು ಬಿ. ಬಿ ಅಂದರೆ ಹಿಂದಕ್ಕೆ. ಆರಿಸಿದ್ದ ಗಾಡಿ ಹೋಯಿತು, ಆರಿಸಿದ್ದ ಓಟಗಾರ ಹೋದ, ಗಾಬರಿಯಲ್ಲಿ ಇನ್ನೆರಡು ಸಲ ಒತ್ತಿದರೆ ಮೊದಲ ಪುಟಕ್ಕೇ ವಾಪಸ್. ‘ಮಾಮಾ, ಎ ಬಲಗಡೆ, ಬಲಗಡೆ!’ ಅಂತ ಅವನು ಕಿರುಚುತ್ತಾನೆ. ಕಳೆದ ತಿಂಗಳು ಅವನೇ ನಮ್ಮ ಮನೆಗೆ ಬಂದಿದ್ದ. ನನ್ನ ಪ್ಯಾಡ್, ಅಂದರೆ ಆಟ ಆಡಿಸುವ ಬಟನ್‌ಗಳ ಸಾಧನ, ಹಿಡಿದು ಅದೇ ತಪ್ಪನ್ನು ತಿರುಗಾಮುರುಗಾ ಮಾಡಿದ. ಪ್ಯಾಡನ್ನು ಹತ್ತಿರ ತಂದು ನೋಡಿ ತೀರ್ಪು ಕೊಟ್ಟ. ‘ನಿಮ್ಮದು ಡೂಪ್ಲಿಕೇಟ್. ನಮ್ಮದು ನೋಡಿ ಕಾಪಿ ಹೊಡೆದಿದ್ದಾರೆ. ಅದೂ ತಪ್ಪು ತಪ್ಪಾಗಿ.’

ನಗು ಬಂತು, ಆದರೆ ಮಾತು ತಲೆಯಲ್ಲೇ ಉಳಿಯಿತು. ಎ, ಬಿ, ಎಕ್ಸ್, ವೈ. ಅಕ್ಷರ ಅವೇ ನಾಲ್ಕು. ನಾಲ್ಕು ದಿಕ್ಕಿಗೆ ನಾಲ್ಕು ಬಟನ್, ಜೋಡಿಸಿದ ರೀತಿಯೂ ಅದೇ. ಹಾಗಿರುವಾಗ ಎ ಇರಬೇಕಾದಲ್ಲಿ ಬಿ, ಎಕ್ಸ್ ಇರಬೇಕಾದಲ್ಲಿ ವೈ ಯಾಕೆ? ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದು, ಮೇಷ್ಟ್ರಿಗೆ ಗೊತ್ತಾಗದಿರಲಿ ಅಂತ ಒಂದೆರಡು ಸಾಲು ಆಚೀಚೆ ಮಾಡುತ್ತಿದ್ದೆವಲ್ಲ, ಆ ಥರದ ಕೆಲಸವಾ ಇದು?

ಹೊರಗೆ ಸೆಗಾ, ಒಳಗೆ ನಿಂಟೆಂಡೊ

ಡೂಪ್ಲಿಕೇಟ್ ಅನ್ನುವ ಮಾತು ನನಗೆ ಸ್ವಲ್ಪ ಜಾಸ್ತಿ ಚುಚ್ಚುವುದಕ್ಕೆ ಕಾರಣ ಇದೆ. 1996ರ ಬೇಸಿಗೆ ರಜೆಯಲ್ಲಿ ನನ್ನ ಸೋದರಮಾವ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ದಾವಣಗೆರೆಗೆ ಒಂದು ಡಬ್ಬ ಹೊತ್ತು ತಂದಿದ್ದರು. ನಮ್ಮ ಬಾಯಲ್ಲಿ ಅದು ‘ಟೀವಿ ಗೇಮ್’. ಕನ್ಸೋಲ್ ಅನ್ನುವ ಪದ ಯಾರಿಗೆ ಗೊತ್ತಿತ್ತು? ಕಾರ್ಟ್ರಿಜ್‌ಗೆ ನಾವು ಅಂದಿದ್ದು ಕ್ಯಾಸೆಟ್. ಅದರ ಮೇಲೆ 9999999 ಇನ್ 1 ಅಂತ ಬರೆದಿತ್ತು. ಒಂದು ಕೋಟಿಗೆ ಒಂದು ಕಮ್ಮಿ! ನಾನು ಮತ್ತು ಚಿಕ್ಕಪ್ಪನ ಮಗ ನೋಟ್‌ಬುಕ್ ಇಟ್ಟುಕೊಂಡು ಲೆಕ್ಕ ಹಾಕಲು ಕೂತೆವು. ಇಪ್ಪತ್ತು ದಾಟುವ ಹೊತ್ತಿಗೆ ಮೋಸ ಗೊತ್ತಾಯಿತು. ಅದೇ ಮಾರಿಯೊ, ಎರಡನೇ ಲೆವೆಲ್‌ನಿಂದ ಶುರುವಾದರೆ ಒಂದು ನಂಬರ್, ಮೂರನೇ ಲೆವೆಲ್‌ನಿಂದ ಶುರುವಾದರೆ ಇನ್ನೊಂದು. ಕಾಂಟ್ರಾದಲ್ಲಿ ಮೊದಲೇ ಗನ್ ಕೊಟ್ಟರೆ ಮತ್ತೊಂದು. ಆದರೂ ಬೇಜಾರಾಗಲಿಲ್ಲ. ಕರೆಂಟ್ ಬಂದರೆ ಆಟ, ಹೋದರೆ ಅಡಾಪ್ಟರ್ ತಣ್ಣಗಾಗಲಿ ಅಂತ ನಾವೇ ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಉಫ್ ಅಂತ ಊದುವುದು. ಇದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೇಶದಲ್ಲೆಲ್ಲ ಮಕ್ಕಳು ಊದುತ್ತಿದ್ದರು.

ಆ ಡಬ್ಬ ಏನು ಅನ್ನುವುದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಒಂದು ದಿನ ಕಂಪ್ಯೂಟರಿನಲ್ಲಿ ಜಪಾನಿನ ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲ್‌ನ ಚಿತ್ರ ನೋಡಿದೆ. ಕಪ್ಪು ಮೈ, ಮೇಲೆ ದುಂಡನೆಯ ದಿಬ್ಬ. ಅರೆ, ಇದು ನಮ್ಮ ಮನೆಯದು! ಆದರೆ ನಾವು ಆಡಿದ್ದು ಮಾರಿಯೊ. ಮಾರಿಯೊ ಸೆಗಾದ ಬದ್ಧ ವೈರಿ ನಿಂಟೆಂಡೊದವನು. ನಮ್ಮ ಡಬ್ಬದ ಕವಚ ಸೆಗಾದಿಂದ ಕದ್ದದ್ದು, ಒಳಗಿನ ಯಂತ್ರ ನಿಂಟೆಂಡೊದ ಹಳೇ ಕನ್ಸೋಲ್ ಫ್ಯಾಮಿಕಾಂನಿಂದ ಕದ್ದದ್ದು. ಅತ್ತ ಅಮೆರಿಕದಲ್ಲಿ ಸೆಗಾದವರು ‘ಜೆನೆಸಿಸ್ ಡಸ್ ವಾಟ್ ನಿಂಟೆಂಡೋಂಟ್’ (ಜೆನೆಸಿಸ್ ಅಂದರೆ ಮೆಗಾ ಡ್ರೈವ್‌ಗೆ ಅಲ್ಲಿದ್ದ ಹೆಸರು; ನಿಂಟೆಂಡೊ ಕೈಲಾಗದ್ದನ್ನು ಅದು ಮಾಡುತ್ತದೆ) ಅಂತ ಜಾಹೀರಾತು ಹಾಕಿ ತೊಡೆ ತಟ್ಟಿದ್ದರು. ಇತ್ತ ದಾವಣಗೆರೆಯ ನಮ್ಮ ಹಾಲ್‌ನಲ್ಲಿ ಇಬ್ಬರೂ ಒಂದೇ ಪ್ಲಾಸ್ಟಿಕ್ಕಿನೊಳಗೆ ಸಂಸಾರ ಮಾಡುತ್ತಿದ್ದರು.

ಇನ್ನೊಂದು ವಿಚಾರ ಇದಕ್ಕಿಂತ ಹೆಚ್ಚು ಕಾಡಿತು. ಕೆಲಸಕ್ಕೆ ಸೇರಿದ ಮೇಲೆ ಅಸಲಿ ಮಾರಿಯೊ ಆಡುವ ಅವಕಾಶ ಸಿಕ್ಕಿತು. ಶುರುವಾದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಟ್ಯೂನ್ ಅದೇ, ಆದರೆ ದನಿ ಬೇರೆ. ಗೊತ್ತಿರುವ ಹಾಡನ್ನು ಬೇರೆ ಯಾರೋ ಹಾಡಿದ ಹಾಗೆ. ನನ್ನ ಕಿವಿಯದೇ ತಪ್ಪಿರಬೇಕು ಅಂತ ಸುಮ್ಮನಾದೆ. ಆಮೇಲೆ ಓದಿದಾಗ ತಿಳಿಯಿತು. ಫ್ಯಾಮಿಕಾಂನ ಚಿಪ್ ಚೌಕದ ಅಲೆಗಳಿಂದ ಸ್ವರ ಹುಟ್ಟಿಸುತ್ತದೆ. ಅಲೆ ಎಷ್ಟು ಹೊತ್ತು ಮೇಲಿರುತ್ತದೆ, ಎಷ್ಟು ಹೊತ್ತು ಕೆಳಗಿರುತ್ತದೆ ಅನ್ನುವುದರ ಮೇಲೆ ದನಿಯ ಬಣ್ಣ ಬದಲಾಗುತ್ತದೆ. ತೈವಾನಿನ ಯುಎಂಸಿ ಕಂಪನಿ ಪಾಲ್ ಅನ್ನುವ ಪ್ರಸಾರ ಪದ್ಧತಿಯ ಟೀವಿ ಇರುವ ದೇಶಗಳಿಗೆಂದು ಮಾಡಿದ ಒಂದು ನಕಲು ಚಿಪ್‌ನಲ್ಲಿ ಇಂಥ ಎರಡು ಅಲೆಗಳು ಅದಲು ಬದಲಾಗಿವೆ. 25 ಪರ್ಸೆಂಟ್ ಇರಬೇಕಾದಲ್ಲಿ 50, 50 ಇರಬೇಕಾದಲ್ಲಿ 25. ಆ ಚಿಪ್ ಮತ್ತು ಅದರ ಸಂತಾನ ಲೆಕ್ಕವಿಲ್ಲದಷ್ಟು ಡಬ್ಬಗಳಲ್ಲಿ ಕೂತು ಊರೂರು ಸುತ್ತಿತು. ನಮ್ಮ ಡಬ್ಬ ಬಿಚ್ಚಿ ನೋಡಿದರೆ ಕಾಣುವುದು ಕರಿ ಅಂಟಿನ ಒಂದು ಗುಡ್ಡೆ ಅಷ್ಟೇ, ಚಿಪ್‌ನ ಹೆಸರು ಕೂಡ ಇಲ್ಲ. ಆದರೆ ನನ್ನ ಕಿವಿ ಹೇಳುತ್ತಿದ್ದ ಸಾಕ್ಷಿ ಮಾತ್ರ ಸರಿಯಾಗಿ ಹೊಂದುತ್ತದೆ. ನನಗೆ ಇವತ್ತಿಗೂ ತಪ್ಪು ಮಾರಿಯೊನೇ ಇಷ್ಟ.

ಹಾಗಂತ ಅಸಲಿಯವರು ಪೂರ್ತಿ ಅಸಲಿಯಾ? ಅದೂ ಇಲ್ಲ. ಫ್ಯಾಮಿಕಾಂನ ಚಿಪ್ ಮಾಡಿದ್ದು ಜಪಾನಿನ ರಿಕೋ ಕಂಪನಿ. ಅದರ ಹೊಟ್ಟೆಯಲ್ಲಿರುವುದು ಅಮೆರಿಕದ ಎಂಒಎಸ್ ಟೆಕ್ನಾಲಜಿಯವರ 6502 ಪ್ರಾಸೆಸರ್. ಒಂದೇ ಒಂದು ವಿಷಯ ಬಿಟ್ಟು. 6502ರಲ್ಲಿ ಹತ್ತರ ಲೆಕ್ಕದಲ್ಲಿ ನೇರವಾಗಿ ಕೂಡುವ ಕಳೆಯುವ ಒಂದು ಸೌಲಭ್ಯ ಇತ್ತು, ಡೆಸಿಮಲ್ ಮೋಡ್ ಅಂತ. ಅದಕ್ಕೆ ಪೇಟೆಂಟ್ ಇತ್ತು. ರಿಕೋ ಚಿಪ್‌ನಲ್ಲಿ ಆ ಸೌಲಭ್ಯ ಕೆಲಸ ಮಾಡುವುದಿಲ್ಲ. ಆಸಕ್ತರು ಚಿಪ್ಪನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆದು ನೋಡಿದ್ದಾರೆ. ಡೆಸಿಮಲ್ ಮೋಡ್‌ನ ಸರ್ಕ್ಯೂಟ್ ಬಹುಪಾಲು ಅಲ್ಲೇ ಇದೆ. ಅದನ್ನು ಜೋಡಿಸುವ ಕೆಲವೇ ಟ್ರಾನ್ಸಿಸ್ಟರ್‌ಗಳನ್ನು ಕಿತ್ತಿದ್ದಾರೆ. ಬಾಗಿಲು ಬಿಟ್ಟು ಚಿಲಕ ಮಾತ್ರ ಬಿಚ್ಚಿದ ಹಾಗೆ. ಪೇಟೆಂಟ್ ತಪ್ಪಿಸಲಿಕ್ಕೇ ಹೀಗೆ ಮಾಡಿದರು ಅನ್ನುವುದು ಎಲ್ಲರ ಊಹೆ. ನನ್ನ ಡಬ್ಬ ನಿಂಟೆಂಡೊದ ನಕಲು, ನಿಂಟೆಂಡೊದ ಚಿಪ್ ಇನ್ನೊಬ್ಬರ ನಕಲು. ಎರಡರ ಮೇಲೂ ನಕಲು ಮಾಡಿದ ಜಾಗದ ಕಲೆ ಉಳಿದಿದೆ.

ಅಲ್ಲಿಂದಾಚೆ ನನಗೆ ಒಂದು ಚಟ ಹತ್ತಿತು. ಯಾರು ಯಾರದನ್ನು ಕದ್ದರು ಅನ್ನುವ ಜಗಳದಲ್ಲಿ ಆಸಕ್ತಿ ಹೋಯಿತು. ಆ ಜಗಳಕ್ಕೆ ಕೊನೆಯಿಲ್ಲ ಬಿಡಿ. 1972ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಬರ್ಲಿಂಗೇಮ್‌ನಲ್ಲಿ ಮ್ಯಾಗ್ನವಾಕ್ಸ್ ಕಂಪನಿ ಒಡಿಸ್ಸಿ ಅನ್ನುವ ತನ್ನ ಟೀವಿ ಗೇಮ್ ಯಂತ್ರದ ಟೇಬಲ್ ಟೆನ್ನಿಸ್ ಆಟ ತೋರಿಸಿತು. ನೋಡಲು ಬಂದವರ ಪುಸ್ತಕದಲ್ಲಿ ನೋಲನ್ ಬುಶ್ನೆಲ್ ಸಹಿ ಇದೆ. ಅದೇ ವರ್ಷದ ಕೊನೆಗೆ ಅವರ ಅಟಾರಿ ಕಂಪನಿಯಿಂದ ಅಂಥದೇ ಆಟ ಪಾಂಗ್ ಬಂತು. ಕೇಸು ಬಿತ್ತು, 1976ರಲ್ಲಿ ಅಟಾರಿ ಲೈಸೆನ್ಸ್ ತೆಗೆದುಕೊಂಡು ರಾಜಿಯಾಯಿತು. ಆದರೆ ಒಡಿಸ್ಸಿಗೆ ಶಬ್ದವೇ ಇರಲಿಲ್ಲ, ಪರದೆಯ ಮೇಲೆ ಸ್ಕೋರ್ ಕೂಡ ಇರಲಿಲ್ಲ. ಪಾಂಗ್‌ನಲ್ಲಿ ಎರಡೂ ಇದ್ದವು. ಈ ಉದ್ಯಮ ಹುಟ್ಟಿದ್ದೇ ಹೀಗೆ. ನನಗೀಗ ಹುಡುಕಬೇಕಾದದ್ದು ಕಲೆಗಳು. ಹೊಲಿಗೆ ಕಾಣುವ ಜಾಗಗಳು.

ಚಾಪೆ ಕೆಳಗೆ, ರಂಗೋಲಿ ಕೆಳಗೆ

ಪ್ಯಾಡ್‌ನ ಎಡಗಡೆ ದಿಕ್ಕು ಬದಲಿಸುವ ಕೂಡು ಗುರುತಿನ ಬಟನ್ ನೋಡಿ. ಡಿ-ಪ್ಯಾಡ್. ನಿಂಟೆಂಡೊದ ಗುನ್‌ಪೇ ಯೊಕೊಯಿ ಇದನ್ನು 1982ರಲ್ಲಿ ಅಂಗೈಯಗಲದ ಡಾಂಕಿ ಕಾಂಗ್ ಆಟಕ್ಕೆ ಮಾಡಿದರು. ಮಡಚುವ ಆಟ, ಉದ್ದದ ಕೋಲು ಇಟ್ಟರೆ ಮುಚ್ಚಲು ಆಗುವುದಿಲ್ಲ. ಅದಕ್ಕೆ ಚಪ್ಪಟೆ ಪ್ಲಸ್. ಅಮೆರಿಕದಲ್ಲಿ 1987ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಶುರುವಾಯಿತು ತಮಾಷೆ. ನೀನು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುತ್ತೇನೆ ಅನ್ನುವ ಹಾಗೆ. ಮೆಗಾ ಡ್ರೈವ್‌ನಲ್ಲಿ ಸೆಗಾ ದುಂಡನೆಯ ತಟ್ಟೆ ಇಟ್ಟು, ಅದರ ಮೇಲೆ ಪ್ಲಸ್ ಆಕಾರ ಉಬ್ಬಿಸಿತು. ಸೋನಿ ಪ್ಲೇಸ್ಟೇಷನ್‌ನಲ್ಲಿ ನಾಲ್ಕು ಬೇರೆ ಬೇರೆ ಬಟನ್ ಕಾಣುತ್ತವೆ. ಬಿಚ್ಚಿ ನೋಡಿದರೆ ಅಡಿಯಲ್ಲಿ ಒಂದೇ ತುಂಡು. ನಡುವೆ ಪ್ಯಾಡ್‌ನದೇ ಪ್ಲಾಸ್ಟಿಕ್ ಹಾಯಿಸಿ ಕೂಡು ಗುರುತಿನ ಹೊಟ್ಟೆ ಮುಚ್ಚಿದ್ದಾರೆ. ಪೇಟೆಂಟ್‌ನ ಆಯಸ್ಸು ಮುಗಿದು ಎಷ್ಟೋ ವರ್ಷವಾಯಿತು. ಆದರೂ ಸೋನಿ ಪ್ಯಾಡ್‌ನಲ್ಲಿ ಇವತ್ತಿಗೂ ಅದು ಹಾಗೇ ಇದೆ. ಸುತ್ತು ದಾರಿ ಹಿಡಿದವನು ಆ ದಾರಿಯನ್ನೇ ತನ್ನ ಗುರುತು ಮಾಡಿಕೊಂಡ.

ಈ ಸುತ್ತು ದಾರಿಯ ಬಿಸಿ ನಾನೇ ಒಮ್ಮೆ ಅನುಭವಿಸಿದ್ದೇನೆ. 2008ರ ಶುರುವಿನಲ್ಲಿ ಮೈಸೂರಿನ ಗೆಳೆಯನ ರೂಮಿಗೆ ಪಿಎಸ್3, ಅಂದರೆ ಸೋನಿಯ ಮೂರನೇ ಪ್ಲೇಸ್ಟೇಷನ್, ಬಂತು. ಅವನ ಅಣ್ಣ ಸಿಂಗಪುರದಿಂದ ತಂದದ್ದು. ಐದು ಜನ ಮಂಚದ ಮೇಲೆ ಸಾಲಾಗಿ ಕೂತಿದ್ದೆವು. ಪ್ಯಾಡ್ ಕೈಗೆ ಬಂದಾಗ ಮೊದಲು ಅನ್ನಿಸಿದ್ದು, ಇದೇನು ಖಾಲಿ ಬೆಂಕಿಪೊಟ್ಟಣದ ಹಾಗಿದೆ ಅಂತ. ಕಾರು ಗೋಡೆಗೆ ಹೊಡೆಯಿತು. ಪರದೆಯ ಮೇಲೆ ಕಿಡಿ, ಹೊಗೆ, ಗಾಜು ಪುಡಿಪುಡಿ. ಕೈಯಲ್ಲಿ ಏನೂ ಇಲ್ಲ. ಹಳೇ ಪಿಎಸ್2ನಲ್ಲಿ ರಸ್ತೆ ಬಿಟ್ಟು ಮಣ್ಣಿಗಿಳಿದರೂ ಅಂಗೈ ಗಡಗಡ ಅನ್ನುತ್ತಿತ್ತು. ‘ಕೆಟ್ಟಿದೆ ಕಣೋ ಇದು’ ಅಂದೆ. ಗೆಳೆಯ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಅಣ್ಣನಿಗೆ ಫೋನ್ ಮಾಡಿದ. ಅಂಗಡಿಯವನು ಟೋಪಿ ಹಾಕಿದ್ದಾನೆ ಅಂತ ಐವರೂ ಒಮ್ಮತದಿಂದ ತೀರ್ಮಾನ ಮಾಡಿದೆವು. ಪಾಪ, ಅಂಗಡಿಯವನ ತಪ್ಪಿರಲಿಲ್ಲ.

ಆಗಿದ್ದು ಇಷ್ಟು. ಪ್ಯಾಡ್ ನಡುಗಿಸುವ ಆಸೆಯನ್ನು ಮನೆಮನೆಗೆ ಹಚ್ಚಿದ್ದು ನಿಂಟೆಂಡೊ, 1997ರ ಏಪ್ರಿಲ್‌ನಲ್ಲಿ, ರಂಬಲ್ ಪ್ಯಾಕ್ ಅನ್ನುವ ಒಂದು ತುಂಡಿನಿಂದ. ಬೇಕಾದವರು ಪ್ಯಾಡ್‌ಗೆ ಸಿಕ್ಕಿಸಿಕೊಳ್ಳಬೇಕಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಸೋನಿ ಡ್ಯುಯಲ್‌ಶಾಕ್ ಅನ್ನುವ ಪ್ಯಾಡ್ ತಂದು ನಡುಕವನ್ನು ಅದರೊಳಗೇ ಇಟ್ಟುಬಿಟ್ಟಿತು. ಆಗಿನ ನಿಂಟೆಂಡೊ 64 ಕನ್ಸೋಲ್‌ನ ಪ್ಯಾಡ್‌ನಲ್ಲಿ ಹೆಬ್ಬೆರಳಿನ ಕೋಲು ಒಂದೇ ಇತ್ತು, ಸೋನಿ ಎರಡು ಇಟ್ಟಿತು. ಇದನ್ನು ನಕಲು ಅನ್ನಲೋ, ಸುಧಾರಣೆ ಅನ್ನಲೋ? ಎರಡೂ ಹೌದು. ಆದರೆ ಏಟು ಬಿದ್ದದ್ದು ನಿಂಟೆಂಡೊದಿಂದ ಅಲ್ಲ. ಇಮ್ಮರ್ಶನ್ ಅನ್ನುವ ಕ್ಯಾಲಿಫೋರ್ನಿಯದ ಕಂಪನಿ, ಸ್ಪರ್ಶದ ತಂತ್ರಜ್ಞಾನದ ಪೇಟೆಂಟ್ ಇಟ್ಟುಕೊಂಡಿದ್ದು, 2002ರಲ್ಲಿ ಸೋನಿ ಮತ್ತು ಮೈಕ್ರೋಸಾಫ್ಟ್ ಇಬ್ಬರ ಮೇಲೂ ಕೇಸು ಹಾಕಿತು. ಮೈಕ್ರೋಸಾಫ್ಟ್ ಮರುವರ್ಷವೇ ದುಡ್ಡು ಕೊಟ್ಟು ಕೈತೊಳೆದುಕೊಂಡಿತು. ಸೋನಿ ಹಟ ಹಿಡಿಯಿತು. 2004ರಲ್ಲಿ ಜ್ಯೂರಿ 82 ಮಿಲಿಯನ್ ಡಾಲರ್ ಕೊಡಿ ಅಂದಿತು. ಸೋನಿ ಮೇಲ್ಮನವಿ ಅಂತ ಓಡಾಡುತ್ತಿರುವಾಗಲೇ 2006ರಲ್ಲಿ ಪಿಎಸ್3 ಬಂತು, ನಡುಕ ಇಲ್ಲದೆ.

ಇಲ್ಲದ್ದಕ್ಕೆ ಸೋನಿ ಕೊಟ್ಟ ಕಾರಣ ಇನ್ನೂ ಚೆನ್ನಾಗಿದೆ. ಹೊಸ ಪ್ಯಾಡ್‌ನಲ್ಲಿ ಓಲಾಟ ಗುರುತಿಸುವ ಸೆನ್ಸರ್ ಇದೆ, ನಡುಕ ಇಟ್ಟರೆ ಅದಕ್ಕೆ ಅಡ್ಡಿ ಆಗುತ್ತದೆ ಅಂದರು. ಆ ಸೆನ್ಸರ್ ಎಲ್ಲಿಂದ ಬಂತು? 2005ರ ಸೆಪ್ಟೆಂಬರ್‌ನಲ್ಲಿ ನಿಂಟೆಂಡೊ ತನ್ನ ಮುಂದಿನ ಕನ್ಸೋಲ್ ವೀಗೆ ಮಾಡಿದ, ಕೈಯಲ್ಲಿ ಹಿಡಿದು ಓಲಾಡಿಸುವ ವೀ ರಿಮೋಟ್ ತೋರಿಸಿತ್ತು. ಸೋನಿ ತನ್ನ ಓಲಾಡಿಸುವ ಪ್ಯಾಡ್ ತೋರಿಸಿದ್ದು 2006ರ ಮೇನಲ್ಲಿ. ನೋಡಿ ಮಾಡಿದರಾ, ಮೊದಲೇ ಮಾಡಿಟ್ಟಿದ್ದರಾ ಅಂತ ಜನ ಬೇಕಾದಷ್ಟು ಕಿತ್ತಾಡಿದರು. ನನಗೆ ಮಜಾ ಅನ್ನಿಸುವುದು ಬೇರೆ. ವೀ ರಿಮೋಟ್‌ನಲ್ಲಿ ಓಲಾಟವೂ ಇತ್ತು, ನಡುಕವೂ ಇತ್ತು, ಯಾವುದಕ್ಕೂ ಅಡ್ಡಿ ಆಗಿರಲಿಲ್ಲ. 2007ರ ಮಾರ್ಚ್‌ನಲ್ಲಿ ಸೋನಿ ಇಮ್ಮರ್ಶನ್ ಜೊತೆ ರಾಜಿಯಾಯಿತು. ಅದೇ ವರ್ಷದ ಕೊನೆಗೆ ಜಪಾನಿನಲ್ಲಿ ಡ್ಯುಯಲ್‌ಶಾಕ್ 3 ಬಂತು, ಎರಡೂ ಒಟ್ಟಿಗೆ. ಅಡ್ಡಿ ಎಲ್ಲಿ ಮಾಯವಾಯಿತೋ! ಇನ್ನೊಂದು ಬಾಲ ಇದೆ ಈ ಕತೆಗೆ. ಮೈಕ್ರೋಸಾಫ್ಟ್ ರಾಜಿ ಮಾಡಿಕೊಳ್ಳುವಾಗ, ಮುಂದೆ ಸೋನಿಯಿಂದ ರಾಜಿ ದುಡ್ಡು ಬಂದರೆ ನಮಗೂ ಪಾಲು ಕೊಡಬೇಕು ಅಂತ ಬರೆಸಿಕೊಂಡಿತ್ತು. ಅದರ ಮೇಲೂ ಜಗಳ ಆಗಿ, 2008ರಲ್ಲಿ ಇಮ್ಮರ್ಶನ್ ಮೈಕ್ರೋಸಾಫ್ಟ್‌ಗೆ 20.75 ಮಿಲಿಯನ್ ಡಾಲರ್ ಕೊಟ್ಟಿತು. ವೈರಿಯ ಸೋಲಿನ ಮೇಲೂ ಬಡ್ಡಿ ಎಣಿಸುವವರು ಇವರು.

ನಮ್ಮ ಮೈಸೂರಿನ ಪ್ಯಾಡ್ ಕೆಟ್ಟಿರಲಿಲ್ಲ. ಅದರೊಳಗೆ ಒಂದು ಕೇಸು ಕೂತಿತ್ತು ಅಷ್ಟೇ.

ವೀ ಕೋಟಿಗಟ್ಟಲೆ ಮಾರಾಟವಾದಾಗ ಉಳಿದವರು ಸುಮ್ಮನೆ ಕೂರಲಿಲ್ಲ ಅನ್ನುವುದು ನಿಮಗೆ ಗೊತ್ತು. 2010ರಲ್ಲಿ ಸೋನಿಯಿಂದ ಮೂವ್ ಅನ್ನುವ ಓಲಾಡಿಸುವ ಕೋಲು, ಮೈಕ್ರೋಸಾಫ್ಟ್‌ನಿಂದ ಆಡುವವರ ಮೈಯ ಚಲನೆ ನೋಡುವ ಕ್ಯಾಮೆರಾ ಕಿನೆಕ್ಟ್. ಮೂವ್ ನೋಡಿದರೆ ವೀ ರಿಮೋಟ್‌ಗೆ ಗೋಲಿಸೋಡಾದ ಗೋಲಿ ಅಂಟಿಸಿದ ಹಾಗಿತ್ತು. ಕಿನೆಕ್ಟ್ ಮಾತ್ರ ನಿಜವಾಗಿ ಬೇರೆ ದಾರಿ, ಕೈಯಲ್ಲಿ ಏನೂ ಹಿಡಿಯುವ ಹಾಗಿಲ್ಲ. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಆಯಿತು. ಆ ಅಮಲಿನಲ್ಲಿ 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟನ್ನು ಕಡ್ಡಾಯ ಮಾಡಿದರು. ಬೆಲೆ 499 ಡಾಲರ್, ಪಿಎಸ್4ಗೆ 399. ಮರುವರ್ಷ ಜೂನ್‌ನಲ್ಲಿ ಕಿನೆಕ್ಟ್ ಕಿತ್ತು ತಾವೂ 399ಕ್ಕೆ ಇಳಿದರು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಅನ್ನುತ್ತೇವಲ್ಲ. ಇಲ್ಲಿ ಬರೆ ಚೆನ್ನಾಗೇ ಬಂದಿತ್ತು. ನರಿ ಅದನ್ನು ಊರಿಗೆಲ್ಲ ಹಾಕಲು ಹೊರಟಿದ್ದು ತಪ್ಪಾಯಿತು.

ಸತ್ತವರ ಕೈಬರಹ

ಎ ಬಟನ್‌ಗೆ ವಾಪಸ್ ಬರೋಣ. ನಾನು ಉತ್ತರ ಹುಡುಕಿದ್ದು ತಪ್ಪು ಜಾಗದಲ್ಲಿ. ಎಕ್ಸ್‌ಬಾಕ್ಸನ್ನು ಸ್ವಿಚ್ ಪಕ್ಕ ಇಟ್ಟು ನೋಡುತ್ತಿದ್ದೆ. ನೋಡಬೇಕಾದ್ದು ಅವರ ಅಜ್ಜಂದಿರನ್ನು.

ನಿಂಟೆಂಡೊದ ಫ್ಯಾಮಿಕಾಂ ಮತ್ತು ಸೆಗಾದ ಮೊದಲ ಕನ್ಸೋಲ್ ಎಸ್‌ಜಿ-1000 ಜಪಾನಿನಲ್ಲಿ ಬಿಡುಗಡೆಯಾಗಿದ್ದು ಒಂದೇ ದಿನ, 1983ರ ಜುಲೈ 15. ಫ್ಯಾಮಿಕಾಂ ಪ್ಯಾಡ್‌ನಲ್ಲಿ ಎರಡು ಬಟನ್. ಎಡಕ್ಕೆ ಬಿ, ಬಲಕ್ಕೆ ಎ. ಮುಖ್ಯವಾದದ್ದು ಬಲತುದಿಯಲ್ಲಿ. 1990ರಲ್ಲಿ ಸೂಪರ್ ಫ್ಯಾಮಿಕಾಂ ಬಂದಾಗ ಅದೇ ಬಿ-ಎ ಸಾಲಿನ ಮೇಲೆ ವೈ-ಎಕ್ಸ್ ಸಾಲು ಸೇರಿತು. ಸ್ವಲ್ಪ ತಿರುಗಿಸಿದರೆ ಕೆಳಗೆ ಬಿ, ಬಲಕ್ಕೆ ಎ, ಎಡಕ್ಕೆ ವೈ, ಮೇಲೆ ಎಕ್ಸ್. ಸ್ವಿಚ್‌ನಲ್ಲಿ ಇವತ್ತಿರುವುದು ಅದೇ. ಸೆಗಾ ಮೆಗಾ ಡ್ರೈವ್‌ನಲ್ಲಿ ಅಕ್ಷರಗಳನ್ನು ಎಡದಿಂದ ಬಲಕ್ಕೆ ಬರೆಯಿತು. ಎ, ಬಿ, ಸಿ. ಆಮೇಲೆ ಮೇಲೆ ಎಕ್ಸ್, ವೈ, ಝಡ್ ಬಂತು. 1998ರಲ್ಲಿ ತಮ್ಮ ಡ್ರೀಮ್‌ಕಾಸ್ಟ್ ಕನ್ಸೋಲ್‌ಗೆ ಸಿ ಮತ್ತು ಝಡ್ ಕಿತ್ತರು. ಉಳಿದದ್ದು ಕೆಳಸಾಲಿನಲ್ಲಿ ಎ-ಬಿ, ಮೇಲುಸಾಲಿನಲ್ಲಿ ಎಕ್ಸ್-ವೈ. ತಿರುಗಿಸಿದರೆ ಕೆಳಗೆ ಎ, ಬಲಕ್ಕೆ ಬಿ, ಎಡಕ್ಕೆ ಎಕ್ಸ್, ಮೇಲೆ ವೈ. ಒಂದು ಕಾಗದದ ಮೇಲೆ ಎರಡನ್ನೂ ಬರೆದು ನೋಡಿದೆ. ಎಷ್ಟು ಸರಳ! ಒಬ್ಬ ಬಲದಿಂದ ಎಡಕ್ಕೆ ಎಣಿಸಿದ, ಇನ್ನೊಬ್ಬ ಎಡದಿಂದ ಬಲಕ್ಕೆ. ಯಾರೂ ತಪ್ಪು ಮಾಡಿಲ್ಲ.

ಎಕ್ಸ್‌ಬಾಕ್ಸ್‌ನ ಎ ಕೆಳಗೆ ಇರುವುದು ಅದು ನಿಂಟೆಂಡೊವನ್ನು ತಪ್ಪಾಗಿ ಕಾಪಿ ಹೊಡೆದಿದ್ದಕ್ಕಲ್ಲ. ಸೆಗಾವನ್ನು ಸರಿಯಾಗಿ ಕಾಪಿ ಹೊಡೆದಿದ್ದಕ್ಕೆ. ಮೊದಲ ಎಕ್ಸ್‌ಬಾಕ್ಸ್‌ನ ಆ ದೈತ್ಯ ಪ್ಯಾಡ್ ನೋಡಿ. ಎಡಗಡೆ ಕೋಲು ಮೇಲೆ, ಡಿ-ಪ್ಯಾಡ್ ಕೆಳಗೆ. ಹಿಂದೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೆಲಸ ಮಾಡುವ ಟ್ರಿಗರ್. ಮೆಮೊರಿ ಕಾರ್ಡ್ ಸಿಕ್ಕಿಸಲು ಎರಡು ಜಾಗ. ಎಲ್ಲವೂ ಡ್ರೀಮ್‌ಕಾಸ್ಟ್ ಪ್ಯಾಡ್‌ನಲ್ಲಿದ್ದವು. ಡ್ರೀಮ್‌ಕಾಸ್ಟ್‌ಗೆ ವಿಂಡೋಸ್ ಸಿಇ ಅನ್ನುವ ತಂತ್ರಾಂಶ ಕೊಟ್ಟಿದ್ದ ಮೈಕ್ರೋಸಾಫ್ಟ್ ಆ ಮನೆಯನ್ನು ಒಳಗಿನಿಂದ ನೋಡಿತ್ತು. 2001ರ ಜನವರಿ ಕೊನೆಗೆ ಸೆಗಾ ಕನ್ಸೋಲ್ ಮಾಡುವುದನ್ನೇ ನಿಲ್ಲಿಸುತ್ತೇವೆ ಅಂತ ಹೇಳಿತು. ಅದೇ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಬಂತು. ಸೆಗಾದ ಡಬ್ಬ ಹೋಯಿತು, ಅಕ್ಷರ ಬರೆದ ಕೈ ಉಳಿಯಿತು. ಕೈಯಲ್ಲೇ ಹಿಡಿದು ಆಡುವ ಸ್ಟೀಮ್ ಡೆಕ್ ಯಂತ್ರ ನೋಡಲು ಸ್ವಿಚ್‌ನ ಅಣ್ಣನ ಹಾಗಿದೆ, ಆದರೆ ಅದರಲ್ಲೂ ಎ ಕೆಳಗೇ. ತಾನು ಹಿಡಿದಿರುವುದು ಸೆಗಾದ ವರ್ಣಮಾಲೆ ಅಂತ ಎಷ್ಟು ಹುಡುಗರಿಗೆ ಗೊತ್ತಿರುತ್ತದೆ?

ಸೋನಿಯದು ಇನ್ನೊಂದು ಕತೆ. ನಿಂಟೆಂಡೊ ಜೊತೆ ಮಾಡಬೇಕಿದ್ದ ಸಿಡಿ ಯಂತ್ರ 1991ರಲ್ಲಿ ಮುರಿದುಬಿದ್ದ ಕತೆ ಹಳೆಯದು, ಮತ್ತೆ ಹೇಳುವುದಿಲ್ಲ. ಆ ಕಾಲದ ಒಂದು ಮಾದರಿ ಯಂತ್ರ ಸಿಕ್ಕಿದೆ. ಅದರ ಪ್ಯಾಡ್ ಸೂಪರ್ ಫ್ಯಾಮಿಕಾಂನದೇ, ಮೇಲೆ ಸೋನಿ ಹೆಸರು. ಆಮೇಲೆ ಬಂದ ಪ್ಲೇಸ್ಟೇಷನ್ ಪ್ಯಾಡ್ ಅಂದರೆ ಅದಕ್ಕೆ ಎರಡು ಹಿಡಿಕೆ ಬೆಳೆದದ್ದು ಅನ್ನಬಹುದು. ಆದರೆ ಅಕ್ಷರ ಮಾತ್ರ ತೆಗೆದುಕೊಳ್ಳಲಿಲ್ಲ. ತೆಯು ಗೊಟೊ ಅನ್ನುವ ವಿನ್ಯಾಸಕಾರ ತ್ರಿಕೋನ, ಚೌಕ, ಸೊನ್ನೆ, ಇಂಟು ಇಟ್ಟರು. ಜಪಾನಿನಲ್ಲಿ ಸೊನ್ನೆ ಅಂದರೆ ಸರಿ, ಇಂಟು ಅಂದರೆ ತಪ್ಪು. ಹಾಗಾಗಿ ಬಲಗಡೆಯ ಸೊನ್ನೆ ಒತ್ತಿದರೆ ಹೌದು. ಪಶ್ಚಿಮಕ್ಕೆ ಹೋದಾಗ ಅದು ತಿರುವುಮುರುವಾಯಿತು, ಇಂಟು ಒತ್ತಿದರೆ ಹೌದು. ನಮ್ಮ ಮೇಷ್ಟ್ರು ಕೆಂಪು ಶಾಯಿಯಲ್ಲಿ ಇಂಟು ಹಾಕಿದರೆ ಮನೆಯಲ್ಲಿ ಏಟು ಬೀಳುತ್ತಿತ್ತು. ಆದರೂ ನಾವೆಲ್ಲ ವರ್ಷಗಟ್ಟಲೆ ಇಂಟು ಒತ್ತಿ ಸೈ ಸೈ ಅನ್ನುತ್ತಾ ಬಂದೆವು. 2020ರಲ್ಲಿ ಪಿಎಸ್5 ಬಂದಾಗ ಸೋನಿ ಜಪಾನಿನವರಿಗೂ ಇಂಟುವನ್ನೇ ಹೌದು ಮಾಡಿತು. ಈಗ ಬಲಗಡೆ ಹೌದು ಅನ್ನುವವರು ನಿಂಟೆಂಡೊದವರು ಮಾತ್ರ.

ಕಳೆದ ಭಾನುವಾರ ಇದನ್ನೆಲ್ಲ ಅಕ್ಕನ ಮಗನಿಗೆ ವಿವರಿಸಲು ಹೋದೆ. ಕಾಗದ ಪೆನ್ನು ತೆಗೆದುಕೊಂಡೇ ಹೋಗಿದ್ದೆ. ಸೆಗಾ ಅಂದರೆ ಯಾರು ಅಂತ ಕೇಳಿದ. ಸೋನಿಕ್ ಮಾಡಿದವರು ಅಂದೆ. ‘ಸೋನಿಕ್ ಮಾರಿಯೊ ಫ್ರೆಂಡ್ ಅಲ್ವಾ? ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಒಟ್ಟಿಗೆ ಓಡ್ತಾರೆ’ ಅಂದ. ಕಾಗದ ಮಡಚಿ ಜೇಬಿಗಿಟ್ಟೆ. ಅವನು ನೀರು ಕುಡಿಯಲು ಹೋದಾಗ ಸ್ವಿಚ್‌ನ ಸೆಟ್ಟಿಂಗ್‌ಗೆ ಹೋಗಿ ನನ್ನ ಕೈಲಿದ್ದ ಪ್ಯಾಡ್‌ನ ಎ ಮತ್ತು ಬಿಯನ್ನು ಅದಲು ಬದಲು ಮಾಡಿದೆ. 2020ರ ಒಂದು ಅಪ್‌ಡೇಟ್‌ನಿಂದ ಇದು ಸಾಧ್ಯ. ಮೈಮೇಲೆ ಬಿ ಅಂತ ಬರೆದ ಬಟನ್ ಎ ಕೆಲಸ ಮಾಡತೊಡಗಿತು. ಆವತ್ತು ಮೂರು ರೇಸ್‌ನಲ್ಲಿ ಒಂದನ್ನು ಗೆದ್ದೆ, ಊಟ ಮಾಡಿ ಮನೆಗೆ ಬಂದೆ. ಸೆಟ್ಟಿಂಗ್ ವಾಪಸ್ ಹಾಕಲು ಮರೆತೆ.

ಸೋಮವಾರ ಸಂಜೆ ಅಕ್ಕನ ನಂಬರಿನಿಂದ ಫೋನ್. ಆ ಕಡೆ ಅಳುವ ದನಿ. ‘ಮಾಮಾ, ನನ್ನ ಪ್ಯಾಡ್ ಡೂಪ್ಲಿಕೇಟ್ ಆಗಿಬಿಟ್ಟಿದೆ.’